ಬೇಲೆಕೇರಿ ದಾರಿಯ ಹೊರೆಗಲ್ಲು

ನೀವು ಎಂದಾದರೂ ಒಬ್ಬರೇ ನಿಂತು ಡಬಲ್ ಕಾಟಿನ ಚಾದರ ಮಡಚಿದ್ದೀರಾ? ಇಲ್ಲವಾದರೆ ನಿಮ್ಮ ಪುಣ್ಯ, ಅದು ಹಾಗೇ ಇರಲಿ. ನಾನು ಹೋದ ಮಳೆಗಾಲದಿಂದ ಮಡಚುತ್ತಿದ್ದೇನೆ. ಎರಡು ತುದಿ ಕೈಯಲ್ಲಿ ಹಿಡಿದು, ಮೂರನೆಯದನ್ನು ಗದ್ದದಡಿ ಒತ್ತಿ, ನಾಲ್ಕನೆಯದನ್ನು ಹುಡುಕುವಷ್ಟರಲ್ಲಿ ಮೊದಲನೆಯದು ನೆಲ ಗುಡಿಸುತ್ತಿರುತ್ತದೆ. ಶಾಲೆಯಲ್ಲಿ ಮಕ್ಕಳಿಗೆ ಚೌಕ, ಆಯತ ಕಲಿಸುತ್ತಲೇ ತಲೆ ಹಣ್ಣು ಮಾಡಿಕೊಂಡವಳು ನಾನು. ನನ್ನ ಚಾದರ ಮಾತ್ರ ಯಾವ ಆಕೃತಿಗೂ ಸೇರದೆ ಕಪಾಟಿನೊಳಗೆ ಹೋಗುತ್ತದೆ.

ಒಬ್ಬರಿಂದ ಆಗದ ಕೆಲಸಗಳು ಒಂದು ಮನೆಯಲ್ಲಿ ಇಷ್ಟೊಂದು ಇವೆ ಎಂದು ಅಕ್ಕ ಇರುವತನಕ ನನಗೆ ಗೊತ್ತೇ ಇರಲಿಲ್ಲ. ಬೆನ್ನಿಗೆ ನೋವಿನ ಎಣ್ಣೆ ಹಚ್ಚಿಕೊಳ್ಳುವುದು. ಅಟ್ಟದ ಮೇಲಿನ ಹಂಡೆ ಇಳಿಸುವುದು. ಸ್ಟೂಲು ಹತ್ತಿ ಇಳಿಸಬಹುದು, ಆದರೆ ಕೆಳಗಿನಿಂದ "ಹಿಡ್ದೆ, ಬಿಡು" ಅನ್ನಲು ಒಬ್ಬರು ಬೇಕು. ಒಡೆದ ತೆಂಗಿನಕಾಯಿಯ ಎರಡನೇ ಕಡಿಯನ್ನು ಮುಗಿಸುವುದು ಕೂಡ ಒಬ್ಬರ ಕೆಲಸವಲ್ಲ. ಅದು ನಾರುವತನಕ ಇಟ್ಟುಕೊಂಡು, ಆಮೇಲೆ ಮೂಗು ಮುಚ್ಚಿಕೊಂಡು ತೆಂಗಿನ ಬುಡಕ್ಕೆ ಎಸೆದು ಬರುತ್ತೇನೆ.

ಅಕ್ಕ ಎಂದರೆ ಗಂಗಕ್ಕ, ನನಗಿಂತ ಆರು ವರ್ಷ ದೊಡ್ಡವಳು. ಮದುವೆಯಾಗಿ ಮೂರನೇ ವರ್ಷಕ್ಕೆ ಗಂಡ ತೀರಿಹೋದ. ಕಾರವಾರದ ಕೋಡಿಬಾಗದಲ್ಲಿ ನಾನು ಹಿಡಿದಿದ್ದ ಬಾಡಿಗೆ ಮನೆಗೆ ಒಂದು ಟ್ರಂಕಿನೊಂದಿಗೆ ಬಂದಳು, ಬಂದವಳು ಇಲ್ಲೇ ಉಳಿದಳು. ನಾನು ಮದುವೆಯ ಗೊಡವೆಗೇ ಹೋಗಲಿಲ್ಲ. ಶಾಲೆಗೆ ಹೋಗಿ ಪಾಠ ಹೇಳಿ ಬಂದರೆ ಅಕ್ಕ ಅನ್ನ ಬಡಿಸುತ್ತಿದ್ದಳು, ಊರಿನ ಸುದ್ದಿ ಹೇಳುತ್ತಿದ್ದಳು, ನನ್ನ ಮೇಲೆ ರೇಗುತ್ತಿದ್ದಳು. ಆ ರೇಗಾಟ ಸಾಕಪ್ಪಾ ಸಾಕು ಅನಿಸುತ್ತಿತ್ತು. ಹೋದ ಆಷಾಢದಲ್ಲಿ ಅವಳು ತೀರಿಕೊಂಡ ಮೇಲೆ ನನ್ನ ಮೇಲೆ ರೇಗುವ ಹಕ್ಕಿರುವವರು ಈ ಊರಿನಲ್ಲಿ ಯಾರೂ ಉಳಿದಿಲ್ಲ. ಎಲ್ಲರೂ "ಅಕ್ಕೋರೆ, ಅಕ್ಕೋರೆ" ಎಂದು ಮರ್ಯಾದೆ ಕೊಡುತ್ತಾರೆ.

ಇನ್ನು ಉಳಿದವನು ತಮ್ಮ ವೆಂಕಟೇಶ. ಅಂಕೋಲೆ ತಾಲೂಕಿನಲ್ಲಿ, ಬೇಲೆಕೇರಿ ಬಂದರಿಗೆ ಹೋಗುವ ದಾರಿಯ ಮೇಲೆ ನಾವು ಹುಟ್ಟಿದ ಊರು. ಅಲ್ಲಿ ಅವನು, ಅವನ ಹೆಂಡತಿ ಸುಮಿತ್ರಾ, ಸ್ವಲ್ಪ ಗದ್ದೆ, ನಾಲ್ಕು ಇಷಾಡ ಮಾವಿನ ಮರ. ಅಕ್ಕನ ಕ್ರಿಯೆ ಮುಗಿದಂದಿನಿಂದ ವಾರ ವಾರವೂ ಫೋನು.

"ಒಬ್ಳೇ ಅಲ್ಲಿ ಎಂತಾ ಮಾಡ್ತೆ ಶಾರದಕ್ಕಾ? ಇಲ್ಲಿಗೇ ಬಂದ್ಬಿಡು."

"ನಂಗೆಂತಾ ಆಗಿದ್ಯೋ? ಆರಾಮಿದ್ದೆ."

ಮೊದಲೆಲ್ಲ ತಿಂಗಳಿಗೊಮ್ಮೆ ತಾನೇ ಬಂದು ತರಕಾರಿ, ತೆಂಗಿನಕಾಯಿ ಇಳಿಸಿ ಹೋಗುತ್ತಿದ್ದವನು ದೀಪಾವಳಿಯಿಂದ ಈಚೆಗೆ ಬರುವುದನ್ನೂ ಬಿಟ್ಟಿದ್ದ. ಬರೀ ಫೋನು. ನಿಜವಾಗಿ ಮನಸ್ಸಿದ್ದವನು ಬಂದು ಕರೆಯುತ್ತಾನೆ, ಇವನದು ಬಾಯುಪಚಾರ ಎಂದು ನಾನು ಲೆಕ್ಕ ಹಾಕಿದೆ. ಮತ್ತೆ ತಮ್ಮನ ಮನೆಯಲ್ಲಿ ಇರುವುದು ಎಂದರೆ ಏನೆಂದು ನನಗೆ ಗೊತ್ತಿಲ್ಲದ್ದಲ್ಲ. ನಮ್ಮಪ್ಪನ ಅಕ್ಕ ಒಬ್ಬಳು ನಮ್ಮ ಮನೆಯಲ್ಲೇ ಇದ್ದಳು. ಅವಳ ಜಾಗ ಹಿತ್ತಿಲ ಜಗಲಿ. ಯಾವಾಗ ನೋಡಿದರೂ ಏನನ್ನೋ ಸುಲಿಯುತ್ತಲೋ ಬಿಡಿಸುತ್ತಲೋ ಇರುತ್ತಿದ್ದಳು. ಎಲ್ಲರ ಊಟವಾದ ಮೇಲೆ ಯಾರಾದರೂ "ಅವ್ಳಿಗೂ ಒಂದು ತಾಟು ಹಾಕ್ರೆ" ಅನ್ನುತ್ತಿದ್ದರು. ಆ ತಾಟು ನನಗೆ ಬೇಡ ಎಂದು ಸಣ್ಣವಳಿರುವಾಗಲೇ ನಿಶ್ಚಯ ಮಾಡಿಕೊಂಡಿದ್ದೆ.

ಕಳೆದ ವಾರ ತಮ್ಮ ಕಟ್ಟುನಿಟ್ಟಾಗಿ ಕೇಳಿದ. "ಆಯ್ತವಾರ ಟೆಂಪೋ ಕಳಿಸ್ಲೆ, ಬ್ಯಾಡ್ವೆ? ಶುಕ್ರವಾರ ಫೋನ್ ಮಾಡ್ತೆ, ಒಂದು ಹೇಳ್ಬಿಡು. ಇನ್ನು ಕೇಳೂದಿಲ್ಲ."

ಶುಕ್ರವಾರ ಬೆಳಿಗ್ಗೆ ಆ ಫೋನಿನ ಎದುರು ಕುಳಿತುಕೊಳ್ಳುವ ಧೈರ್ಯ ನನಗಿರಲಿಲ್ಲ. "ಬ್ಯಾಡ" ಅಂದರೆ ಮುಂದಿನ ಶುಕ್ರವಾರದಿಂದ ಅದು ರಿಂಗಾಗುವುದೇ ಇಲ್ಲ, "ಹೂಂ" ಅಂದರೆ ಹಿತ್ತಿಲ ಜಗಲಿ. ಕೊಡೆ ತೆಗೆದುಕೊಂಡು ಬೀಗ ಹಾಕಿ ಹೊರಟೆ. ಎಲ್ಲಿಗೆ? ಕಡಲತೀರಕ್ಕೆ ಹೋದರೆ ಹಳೇ ವಿದ್ಯಾರ್ಥಿಗಳು ಸಿಗುತ್ತಾರೆ. ದೇವಸ್ಥಾನಕ್ಕೆ ಹೋದರೆ ಅವರ ತಾಯಂದಿರು ಸಿಗುತ್ತಾರೆ. ಯಾರೂ ಸಿಗಲಾರದ ಜಾಗ ಎಂದರೆ ಹೊಸತಾಗಿ ತೆರೆದಿದ್ದ ವಸ್ತು ಸಂಗ್ರಹಾಲಯ. ಹಳೇ ಬಂಗಲೆಯೊಂದಕ್ಕೆ ಸುಣ್ಣ ಬಳಿದು, ಜಿಲ್ಲೆಯ ಹಳೆಯ ರಸ್ತೆಗಳು, ಹಳೆಯ ಸಾಮಾನುಗಳು ಎಂದು ಬೋರ್ಡು ಹಾಕಿದ್ದರು. ನಾನು ಮಕ್ಕಳನ್ನು ಹಂಪಿಗೆ, ಬಾದಾಮಿಗೆ ಕರೆದುಕೊಂಡು ಹೋಗಿ ವಾಂತಿ ತೊಳೆದು ಬಂದವಳು. ಮನೆಯಿಂದ ನಡೆದುಹೋಗುವಷ್ಟು ಹತ್ತಿರದ ಇದರ ಒಳಗೆ ಕಾಲಿಟ್ಟಿರಲಿಲ್ಲ.

ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಹೆಂಗಸು ನನ್ನ ಹಿಂದೆ ಮುಂದೆ ನೋಡಿದಳು.

"ಒಬ್ರೇ?"

ಈ ಒಂದು ಮಾತು, ಮಾರಾಯರೇ, ನನ್ನನ್ನು ಎಲ್ಲಿಗೂ ಬಿಡುವುದಿಲ್ಲ. ಖಾನಾವಳಿಗೆ ಹೋದರೆ "ಒಬ್ರೇ?" ಎಂದು ಕೇಳಿ ಕೈತೊಳೆಯುವ ತೊಟ್ಟಿಯ ಪಕ್ಕದ ಟೇಬಲ್ ತೋರಿಸುತ್ತಾರೆ. ಬಸ್ಸಿನಲ್ಲಿ "ಒಬ್ರೇ ಅಲ್ವೇ" ಎಂದು ಇಬ್ಬರು ಕೂತ ಸೀಟಿಗೆ ಮೂರನೆಯವಳಾಗಿ ಒತ್ತುತ್ತಾರೆ. "ಹೌದು, ಒಬ್ಳೇ" ಎಂದು ಸಿಡುಕಿನಿಂದಲೇ ಹೇಳಿ ಒಳಗೆ ಹೋದೆ. ಅವಳು ಬೇಜಾರು ಮಾಡಿಕೊಳ್ಳದೆ ಹಿಂದಿನಿಂದ ಬಂದು ಒಂದೊಂದೇ ಕೋಣೆಯ ದೀಪ ಹಾಕಿದಳು. ನಾನು ಮುಂದಿನ ಕೋಣೆಗೆ ಹೋದ ಕೂಡಲೇ ಹಿಂದಿನದನ್ನು ಆರಿಸಿದಳು. ಹೆಸರು ಮಂಕಾಳಿ ಎಂದು ಆಮೇಲೆ ತಿಳಿಯಿತು.

ಒಳಗೆ ಏನೇನೋ ಇತ್ತು. ಮೈಲುಗಲ್ಲುಗಳನ್ನು ಸಾಲಾಗಿ ಗೋಡೆಗೆ ಒರಗಿಸಿದ್ದರು. ಊರಿಂದ ಊರಿಗೆ ಎಷ್ಟು ದೂರ ಎಂದು ಹೇಳಬೇಕಾದ ಕಲ್ಲುಗಳು ಒಂದಕ್ಕೊಂದು ಮೊಣಕೈ ತಾಗುವಷ್ಟು ಹತ್ತಿರ ನಿಂತಿದ್ದವು. ಜಲ್ಲಿ ಒಡೆಯುವ ಸುತ್ತಿಗೆಗಳು, ಕಾಳಿ ನದಿಗೆ ಸೇತುವೆ ಆಗುವ ಮುಂಚಿನ ತಾರಿ ದೋಣಿಯ ಹಗ್ಗ, ಎತ್ತಿನ ಗೊರಸಿಗೆ ಹೊಡೆಯುವ ಲಾಳಗಳ ಒಂದು ರಾಶಿ. ಇದ್ದಿಲ ಹೊಗೆಯಿಂದ ಓಡುತ್ತಿದ್ದ ಬಸ್ಸಿನ ಚಿತ್ರವೂ ಇತ್ತು, ಬೆನ್ನಿಗೊಂದು ದೊಡ್ಡ ಉರುಟು ಒಲೆ ಕಟ್ಟಿಕೊಂಡದ್ದು. ಅವ್ವ ಆ ಬಸ್ಸು ಹತ್ತಿದ್ದಳು. ಏರು ಬಂದಾಗೆಲ್ಲ ಗಂಡಸರು ಇಳಿದು ದೂಡುತ್ತಿದ್ದರಂತೆ, ಹೆಂಗಸರು ಇಳಿದು ಹಿಂದೆ ನಡೆಯುತ್ತಿದ್ದರಂತೆ. "ಮತ್ತೆ ಬಸ್ಸಿಗೆ ದುಡ್ಡು ಎಂತಕೆ ಕೊಟ್ರಿ?" ಎಂದು ಅಕ್ಕ ಕೇಳಿದರೆ "ಇಳಿಜಾರಲ್ಲಿ ಕೂರೂಕೆ ಸಿಗ್ತಿತ್ತಲ್ಲೇ" ಎಂದು ನಗುತ್ತಿದ್ದಳು. ಚಿತ್ರ ನೋಡಿ ನಗು ಬಂತು. ನಕ್ಕು ಪಕ್ಕಕ್ಕೆ ತಿರುಗಿದೆ, ಅಕ್ಕನಿಗೆ ತೋರಿಸಲು. ಮಂಕಾಳಿ ಸ್ವಿಚ್ಚಿನ ಮೇಲೆ ಕೈಯಿಟ್ಟು ನಿಂತಿದ್ದಳು.

ಹಿತ್ತಿಲ ಬಾಗಿಲಿಂದ ಹೊರಗೆ ಬಂದರೆ ಬಕುಲದ ಮರದ ಕೆಳಗೆ ಒಂದು ಕಲ್ಲು. ಎರಡು ಗಿಡ್ಡ ಕಂಬ, ಮೇಲೊಂದು ಉದ್ದ ಅಡ್ಡಗಲ್ಲು, ಸುತ್ತ ಸಿಮೆಂಟು. ಅದರ ಮೇಲೆ ಆಫೀಸಿನ ಸಾಹೇಬರು ಕಾಲು ಚಾಚಿ ಕೂತು ಚಹಾ ಕುಡಿಯುತ್ತಿದ್ದರು. ಗದಗದ ಕಡೆಯವರು. ಹೆಂಡತಿ ಮಕ್ಕಳನ್ನು ಅಲ್ಲೇ ಬಿಟ್ಟು ವರ್ಗವಾಗಿ ಬಂದವರು.

"ಬರ್ರಿ ಮೇಡಂ, ದಣದೀರಿ. ಕುಂದರ್ರಿ" ಎಂದು ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟರು.

ಫಲಕ ಓದಿದೆ. ಬೇಲೆಕೇರಿ ರಸ್ತೆ ಅಗಲ ಮಾಡುವಾಗ ದೊರೆತದ್ದು, ದಾರಿಹೋಕರು ಕುಳಿತು ದಣಿವಾರಿಸಿಕೊಳ್ಳುತ್ತಿದ್ದ ಹಳೆಯ ಆಸನ ಎಂದು ಬರೆದಿತ್ತು. ತಿರುಗಿ ಕಲ್ಲು ನೋಡಿದೆ. ಅದು ನಮ್ಮ ಊರಿನ ಹೊರೆಗಲ್ಲು. ಅದಿರಿನ ಲಾರಿಗಳು ಬಂದರಿಗೆ ಓಡಲು ಶುರುವಾದ ಮೇಲೆ ದಾರಿ ಅಗಲವಾಗಿ, ಕಲ್ಲು ಎಲ್ಲಿ ಹೋಯಿತೆಂದು ಯಾರಿಗೂ ಗೊತ್ತಿರಲಿಲ್ಲ. ಇಲ್ಲಿ ಅರ್ಧಕ್ಕಿಂತ ಹೆಚ್ಚು ನೆಲದಲ್ಲಿ ಹೂತು ಬೆಂಚು ಮಾಡಿಟ್ಟಿದ್ದರು.

"ಇದರ ಮೇಲೆ ಕೂರುವುದಲ್ಲ ಸಾಹೇಬರೇ, ಏಳಿ" ಅಂದೆ. ಪಾಪ, ಅವರು ಲೋಟ ಸಮೇತ ಎದ್ದು ನಿಂತರು. ಮೇಷ್ಟ್ರುಗಿರಿಯ ದನಿ ನಿವೃತ್ತಿಯಾಗುವುದಿಲ್ಲ ನೋಡಿ.

ನಮ್ಮ ಸಣ್ಣಂದಿನಲ್ಲಿ ಹುಡುಗರು ಆ ಕಲ್ಲನ್ನು ಹತ್ತಿ ಕೂತರೆ ದಾರಿಯಲ್ಲಿ ಹೋಗುವ ಯಾವ ಹೆಂಗಸಾದರೂ ಬೆನ್ನಿಗೆ ಒಂದು ಬಿಡುತ್ತಿದ್ದಳು. ಅದು ಕೂರುವವರದ್ದಲ್ಲ, ಹೊರುವವರದ್ದು. ಸಂತೆಯ ದಿನ ಅವ್ವ ತಲೆಗೆ ಸಿಂಬೆ ಇಟ್ಟು ಹೆಡಿಗೆ ತುಂಬ ಬದನೆ, ಗೆಣಸು, ಮಾವಿನ ಕಾಲದಲ್ಲಿ ಇಷಾಡ ಹಣ್ಣು ಹೊತ್ತು ಅಂಕೋಲೆಗೆ ನಡೆಯುತ್ತಿದ್ದಳು. ಅಕ್ಕನ ತಲೆಯ ಮೇಲೆ ಸಣ್ಣ ಹೆಡಿಗೆ. ನಾನು ಓದುವ ಹುಡುಗಿ ಎಂದು ನನ್ನ ಕೈಗೆ ಕೊಡೆ. ತುಂಬಿದ ಹೆಡಿಗೆಯನ್ನು ಒಬ್ಬಳೇ ನೆಲದಿಂದ ಎತ್ತಿ ತಲೆಗೆ ಇಟ್ಟುಕೊಳ್ಳಲು ಆಗುವುದಿಲ್ಲ. ದಾರಿಯಲ್ಲಿ ಕುತ್ತಿಗೆ ಸೋತರೆ ಕೆಳಗಿಡುವಂತಿಲ್ಲ, ಇಟ್ಟರೆ ಎತ್ತಿಸುವವರು ಬೇಕು. ಅದಕ್ಕೇ ಹೊರೆಗಲ್ಲು. ಹೆಗಲೆತ್ತರದ ಅಡ್ಡಗಲ್ಲಿಗೆ ತಲೆ ತಂದು ಹೆಡಿಗೆ ಸರಿಸಿದರೆ ಸೀದಾ ಅದರ ಮೇಲೆ ಕೂರುತ್ತದೆ. ದಣಿವಾರಿದ ಮೇಲೆ ಸ್ವಲ್ಪ ಬಗ್ಗಿ ತಲೆಯನ್ನು ಅದರಡಿ ತಂದರೆ ಮತ್ತೆ ತಲೆಯ ಮೇಲೆ ಬರುತ್ತದೆ. ಯಾರ ಕೈಯೂ ಬೇಡ.

ಆದರೆ ದಾರಿಯಲ್ಲಿ ಜನ ಸಿಕ್ಕಿದರೆ ಎತ್ತಿಸದೆ ಹೋಗುವಂತಿರಲಿಲ್ಲ. "ಒಂಚೂರು ಕೈ ಹಿಡೀರೆ" ಅಂದರೆ ಮುಗಿಯಿತು, ಯಾರೇ ಆಗಲಿ ನಿಲ್ಲಬೇಕು. ಇಬ್ಬರೂ ಎದುರುಬದುರು ಬಗ್ಗಿ, ಹೆಡಿಗೆಯ ಅಂಚು ಹಿಡಿದು, ಒಟ್ಟಿಗೆ "ಹ್ಞೂಂ" ಎಂದು ಎತ್ತಬೇಕು. ಎತ್ತಿಸುವಾಗ ಮುಖ ನೋಡಬೇಕು ಎನ್ನುವುದು ಅವ್ವನ ಕಟ್ಟಳೆ. ಹೊರುವವಳ ಕುತ್ತಿಗೆ ನಡುಗಿದರೆ ಕಣ್ಣಿನಲ್ಲಿ ಮೊದಲು ಗೊತ್ತಾಗುತ್ತದಂತೆ. ನಮ್ಮ ಪಕ್ಕದ ಮನೆಯ ಬೊಮ್ಮಕ್ಕನಿಗೂ ಅವ್ವನಿಗೂ ಗದ್ದೆಯ ಅಂಚಿನ ವಿಷಯದಲ್ಲಿ ಜಗಳವಾಗಿ ಮಾತು ಬಿಟ್ಟಿತ್ತು. ಮದುವೆ ಮನೆಯಲ್ಲೂ ಒಬ್ಬರಿಗೊಬ್ಬರು ಬೆನ್ನು. ಒಂದು ಸಂತೆಯ ದಿನ ಬೊಮ್ಮಕ್ಕ ದಾರಿಯಲ್ಲಿ ಕಾಲು ಜಾರಿ ಹೆಡಿಗೆ ಕೆಳಗಿಟ್ಟು ನಿಂತಿದ್ದಾಳೆ. ಅವ್ವ ತನ್ನ ಹೆಡಿಗೆ ಹೊರೆಗಲ್ಲಿನ ಮೇಲಿಟ್ಟು ಹಿಂದೆ ನಡೆದುಹೋಗಿ ಅವಳೆದುರು ಬಗ್ಗಿದಳು. ಮಾತಿಲ್ಲ. ಇಬ್ಬರೂ ಒಬ್ಬರ ಮುಖ ಒಬ್ಬರು ಹುಳಿ ತಿಂದವರಂತೆ ನೋಡುತ್ತ ಅರ್ಧ ಎತ್ತಿದವರು ಕಿಸಕ್ಕನೆ ನಕ್ಕುಬಿಟ್ಟರು. ಹೆಡಿಗೆ ಮತ್ತೆ ನೆಲಕ್ಕೆ. ಎರಡನೇ ಸಲ ಸರಿಯಾಗಿ ಎತ್ತಿಸಿ ಅವ್ವ ತಿರುಗಿ ಬಂದಳು. ಮರುದಿನದಿಂದ ಮತ್ತೆ ಮಾತಿಲ್ಲ. ಅಕ್ಕ ಇದನ್ನು ಅಭಿನಯ ಮಾಡಿ ತೋರಿಸುತ್ತಿದ್ದಳು, ಎರಡೂ ಮುಖ ಅವಳೇ ಮಾಡಿ.

ಇದನ್ನೆಲ್ಲ ನಾನು ಸಾಹೇಬರಿಗೆ ಒಂದೇ ಉಸಿರಿನಲ್ಲಿ ಹೇಳಿರಬೇಕು. ತಿಂಗಳುಗಟ್ಟಲೆ ಮಾತಾಡದವರ ಬಾಯಿ ತೆರೆದರೆ ಹಾಗೇ. ಅವರು ಒಳ್ಳೆಯ ಮನುಷ್ಯ, ಗಡಿಯಾರ ನೋಡಲಿಲ್ಲ.

"ಹಂಗಾದ್ರ ನಾವು ತಪ್ಪ ಹುಗದೀವಿ. ಎಷ್ಟ ಎತ್ತರ ಇರಬೇಕಿತ್ರಿ? ನೀವ ಒಮ್ಮಿ ಹೊತ್ತ ತೋರಸ್ರಿ ಮೇಡಂ, ಅಳತಿ ತಗೋತೀನಿ."

ಕೊಡೆ ಹಿಡಿದವಳು ಎಂದು ಹೇಳಲು ನಾಚಿಕೆಯಾಯಿತು. "ಅದಕ್ಕೇನು" ಅಂದೆ. ಒಳಗಿನಿಂದ ಒಂದು ಹೆಡಿಗೆ ಬಂತು. ಬರೀ ಹೆಡಿಗೆಯಲ್ಲಿ ತೂಕ ಗೊತ್ತಾಗುವುದಿಲ್ಲ ಎಂದು ಸಾಹೇಬರೇ ಎತ್ತಿನ ಲಾಳಗಳನ್ನು ತಂದು ಸುರಿದರು. ಮಂಕಾಳಿ ತನ್ನ ತಲೆವಸ್ತ್ರ ಸುತ್ತಿ ಸಿಂಬೆ ಮಾಡಿ ನನ್ನ ತಲೆಯ ಮೇಲಿಟ್ಟಳು.

"ಹೊರೆಕಲ್ಲೇ ಇದು? ನಾ ಬಸ್ ಸ್ಟಾಪಿಂದು ಅಂದ್ಕಂಡಿದ್ದೆ" ಅಂದಳು. ಆಮೇಲೆ ನನ್ನೆದುರು ಬಗ್ಗಿದಳು. "ಬಗ್ಗಿ ಅಕ್ಕೋರೆ. ನೆಲ ಎಂತಕೆ ನೋಡ್ತ್ರಿ? ನನ್ನ ಮುಖ ನೋಡಿ."

ನೋಡಿದೆ. ಒಂದು ಗೇಣು ದೂರದಲ್ಲಿ ಇನ್ನೊಬ್ಬರ ಮುಖ. ಎಲೆಯಡಿಕೆಯ ಕವಳ ಹಾಕಿದ ತುಟಿ, ಹುಬ್ಬಿನ ಮೇಲೆ ಒಂದು ಹಳೇ ಗಾಯದ ಗೆರೆ, ನನ್ನನ್ನೇ ನೋಡುವ ಎರಡು ಕಣ್ಣು. ಅಕ್ಕ ಹೋದ ಮೇಲೆ ಅಷ್ಟು ಹತ್ತಿರದಿಂದ ನನ್ನ ಮುಖವನ್ನು ಯಾರೂ ನೋಡಿರಲಿಲ್ಲ, ನಾನೂ ಯಾರದನ್ನೂ ನೋಡಿರಲಿಲ್ಲ. "ಹ್ಞೂಂ" ಅಂದೆವು. ಲಾಳಗಳು ಗಲಗಲ ಅಂದವು, ಹೆಡಿಗೆ ನನ್ನ ತಲೆಯ ಮೇಲೆ ಕೂತಿತು. ನನ್ನ ಜನ್ಮದ ಮೊದಲ ಹೊರೆ. ಸಾಹೇಬರು ಟೇಪು ಹಿಡಿದು ನೆಲದಿಂದ ಹೆಗಲಿನವರೆಗೆ ಅಳೆಯುತ್ತಿದ್ದರು. ನನಗೆ ಕಣ್ಣೀರು ಇಳಿಯತೊಡಗಿತು. ಎರಡೂ ಕೈ ಹೆಡಿಗೆ ಹಿಡಿದಿದ್ದರಿಂದ ಒರೆಸಿಕೊಳ್ಳಲೂ ಬರುವಂತಿರಲಿಲ್ಲ, ಮುಖ ತಿರುಗಿಸಲೂ ಬರುವಂತಿರಲಿಲ್ಲ.

ಮಂಕಾಳಿ ತನ್ನ ಸೆರಗಿನಿಂದ ನನ್ನ ಎರಡೂ ಕಣ್ಣು ಒರೆಸಿದಳು.

"ಮನೇಲಿ ಯಾರಿದ್ರು?" ಎಂದು ಕೇಳಿದಳು.

"ಯಾರೂ ಇಲ್ಲ" ಅಂದೆ. ಆ ಮಾತನ್ನು ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. "ಆರಾಮಿದ್ದೆ" ಎಂದು ಎಲ್ಲರಿಗೂ ಹೇಳಿದ್ದೆ. ನಾನು ಆರಾಮಿರಲಿಲ್ಲ. ನನಗೆ ಅಕ್ಕ ಬೇಕಿತ್ತು. ಕಲ್ಲಿನ ಮೇಲೆ ಎಷ್ಟು ಹೊತ್ತಾದರೂ ಹೊರೆ ಇಡಬಹುದು, ಅದು ನಮ್ಮ ಮುಖ ನೋಡುವುದಿಲ್ಲ. ಮಂಕಾಳಿ ಹೆಡಿಗೆ ಇಳಿಸಿಕೊಂಡಳು. ಸಾಹೇಬರು ಕಲ್ಲನ್ನು ಮಳೆಗಾಲದೊಳಗೆ ಎತ್ತರಿಸುತ್ತೇವೆ ಎಂದು ಹೇಳಿ, ಮೂರು ಚಹಾ ತರಿಸಿದರು. ಮೂವರೂ ನಿಂತೇ ಕುಡಿದೆವು.

ಹೊರಗೆ ಬಂದವಳು ಮನೆಗೆ ಹೋಗಲಿಲ್ಲ. ಮನೆಯ ಫೋನು ರಿಂಗಾಗಿ ರಿಂಗಾಗಿ ನಿಂತಿರಬಹುದು, ತಮ್ಮ ನನ್ನ ಉತ್ತರ ಸಿಕ್ಕಿತೆಂದು ತಿಳಿದಿರಬಹುದು ಎಂದು ಹೆದರಿಕೆಯಾಯಿತು. ಬಸ್ ಸ್ಟ್ಯಾಂಡಿನ ಎಸ್‌ಟಿಡಿ ಬೂತಿಗೆ ಹೋಗಿ ಊರಿಗೆ ಫೋನು ಹಚ್ಚಿದೆ. ಎತ್ತಿದವಳು ಸುಮಿತ್ರಾ.

"ಅವ್ರು ಇಲ್ಲ ಅತ್ಗೆ. ಬೆಳಿಗ್ಗೆಯಿಂದ ನಿಮ್ಗೆ ಫೋನ್ ಹಚ್ಚಿ ಹಚ್ಚಿ ಸೋತು, ಈಗ ಔಷಧಿ ಕೊಡೋರ ಹತ್ರ ಹೋಗ್ಯಾರೆ" ಅಂದಳು.

"ಎಂತಾ ಔಷಧಿ?"

ಸುಮಿತ್ರಾ ದನಿ ತಗ್ಗಿಸಿ ಒಮ್ಮೆಲೇ ಹೇಳಿದಳು. "ನಾ ಹೇಳ್ದೆ ಅನ್ಬೇಡಿ ಅತ್ಗೆ. ದೀಪಾವಳಿ ಆಗಿ ಎಂಟು ದಿನಕ್ಕೆ ಅವ್ರಿಗೆ ಲಕ್ವ ಹೊಡೀತು. ಕಾಲು ಸಮ ಆಯ್ತು, ಎಡಗೈ ಏಳೂದೇ ಇಲ್ಲ. ಅಂಗಿ ನಾನೇ ಹಾಕ್ಬೇಕು, ಗದ್ದೆ, ಕೊಟ್ಟಿಗೆ ಎಲ್ಲಾ ನಾನೊಬ್ಳೇ. ನಿಮ್ಮ ಹತ್ರ ಹೇಳೂಕಾಗ ಅಂತ ನನ್ನ ಕೈಲಿ ಆಣೆ ಹಾಕಿಸ್ಕಂಡ್ರು. ಅಕ್ಕ ಹೋದ ಸಂಕಟದಾಗೇ ಇದ್ದಾಳೆ, ಇದು ಬ್ಯಾರೆ ಬ್ಯಾಡ ಅಂತ." ಮೂಗೆಳೆದ ಸದ್ದು. "ನಿಮ್ಮನ್ನ ಕರದದ್ದು ನಿಮ್ಗೋಸ್ಕರ ಅಂದ್ಕಂಡ್ರಿ. ನಮ್ಗೆ ಜನ ಬೇಕಾಗಿತ್ತು ಅತ್ಗೆ. ಅವ್ರಿಗೆ ಹಾಂಗೆ ಕೇಳೂಕೆ ಬರೂದಿಲ್ಲ."

ಬೂತಿನವನು ಬಿಲ್ಲಿನ ಚೀಟಿ ಹರಿದು ಕೊಟ್ಟದ್ದು, ನಾನು ಬಸ್ಸು ಹತ್ತಿದ್ದು ಸರಿಯಾಗಿ ನೆನಪಿಲ್ಲ. ಬಿಣಗಾ ದಾಟಿತು, ಅಮದಳ್ಳಿ ದಾಟಿತು. ಲಕ್ವ ಹೊಡೆದ ಕೈಯಿಂದ ತರಕಾರಿ ಚೀಲ ಹೊತ್ತು ಕಾರವಾರಕ್ಕೆ ಬರಲಿಲ್ಲ ಎಂದು ನಾನು ಅವನ ಮೇಲೆ ಇಷ್ಟು ತಿಂಗಳು ಮುನಿಸಿಕೊಂಡಿದ್ದೆ. ಬೇಲೆಕೇರಿ ಕ್ರಾಸಿನಲ್ಲಿ ಇಳಿದು, ಲಾರಿಗಳ ಕೆಂಪು ಧೂಳಿನಲ್ಲಿ ಮೂಗು ಮುಚ್ಚಿಕೊಂಡು ಊರಿಗೆ ನಡೆದೆ. ಸುಮಿತ್ರಾ ಹೇಳಿದಳೆಂದು ತೋರಿಸಿಕೊಳ್ಳುವಂತಿಲ್ಲ. ತಮ್ಮನ ಮರ್ಯಾದೆಯೂ ಉಳಿಯಬೇಕು. ಹೇಗೆ ಹೇಳಲಿ, ಏನು ನೆವ ಮಾಡಲಿ ಎಂದು ದಾರಿಯುದ್ದಕ್ಕೂ ಮಾತು ಹೊಂದಿಸುತ್ತ ಹೋದೆ.

ಬಾಗಿಲು ತೆರೆದವನು ಅವನೇ. ಎಡ ಹೆಗಲಿನಿಂದ ಕೈ ಪೂರ್ತಿ ಮುಚ್ಚುವಂತೆ ಒಂದು ಟವೆಲ್ ಇಳಿಬಿಟ್ಟಿದ್ದ. ಸೊರಗಿದ್ದ.

"ಎಂತಾ ಅಕ್ಕಾ, ಹೇಳ್ದೆ ಕೇಳ್ದೆ?" ಅಂದ. ನನ್ನ ಕಣ್ಣು ಎಲ್ಲಿ ಹೋಯಿತೆಂದು ಅವನಿಗೆ ಗೊತ್ತಾಯಿತು. "ಸೆಕೆ ನೋಡು, ಬೆವರು. ಅದ್ಕೇ ಟವೆಲ್ಲು."

ನಾನು ಟವೆಲ್ ಬಿಟ್ಟು ಅವನ ಮುಖ ನೋಡಿದೆ.

"ನನ್ನ ಕೈಲಿ ಒಬ್ಳೇ ಇರೂಕೆ ಆಗೂದಿಲ್ಲೋ ತಮ್ಮಾ" ಅಂದೆ.

ಅವನಿಗೋಸ್ಕರ ದಾರಿಯಲ್ಲಿ ಕಟ್ಟಿಕೊಂಡು ಬಂದ ನೆವ ಅದು. ಬಾಯಿಂದ ಹೊರಬಿದ್ದ ಮೇಲೆ ಗೊತ್ತಾಯಿತು, ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.